ಸೈಕಲ್ ದುರಸ್ತಿ: ತಾತ್ಕಾಲಿಕ ಉಪಾಯಗಳ ಮಿತಿ ಎಲ್ಲಿಯವರೆಗೆ?

ಮೋಟಾರು ವಾಹನಗಳ ಭರಾಟೆಯ ನಡುವೆಯೂ ನಮ್ಮ ಪೇಟೆಗಳ ವ್ಯವಹಾರದಿಂದ ಸೈಕಲ್ ಮರೆಯಾಗಿಲ್ಲ. ಬೆಳಗಿನ ಪತ್ರಿಕೆ, ಹಾಲು, ಕಿರಾಣಿ ಸಾಮಾನುಗಳನ್ನು ಮನೆಮನೆಗೆ ತಲುಪಿಸುವವರು, ಕೈಗಾರಿಕಾ ವಸಾಹತುಗಳಿಗೆ ಪಾಳಿ ಕೆಲಸಕ್ಕೆ ಬರುವ ಕಾರ್ಮಿಕರು ಮುಂತಾದ ಅನೇಕರು ಇಂದಿಗೂ ಸೈಕಲ್ಲನ್ನೇ ನಂಬಿದ್ದಾರೆ. ಹೀಗಿದ್ದರೂ ನಮ್ಮ ಲೆಕ್ಕಪುಸ್ತಕಗಳಲ್ಲಿ ವಾಹನ ನಿರ್ವಹಣೆಯ ಶೀರ್ಷಿಕೆಯಡಿ ಸೈಕಲ್ಲಿಗೆಂದು ಒಂದು ಸಾಲೂ ಇರುವುದಿಲ್ಲ. ಹೇಗೋ ಓಡುತ್ತಿದೆ ಎಂಬುದೇ ನಮ್ಮ ಸಮಾಧಾನ.

ಈ ಸಮಾಧಾನಕ್ಕೆ ನಾನು ತೆತ್ತ ಬೆಲೆಯನ್ನು ಸದಸ್ಯ ಬಾಂಧವರ ಮುಂದಿಡುವುದು ಉಚಿತವೆನಿಸುತ್ತದೆ. ಕೆಲವು ವರ್ಷಗಳ ಹಿಂದೆ ನಮ್ಮ ಘಟಕದ ಸೈಕಲ್ಲೊಂದರ ಎಡ ಕ್ರ್ಯಾಂಕ್ ಸಡಿಲವಾಯಿತು. ಕಾಟರ್ ಪಿನ್ ಸವೆದಿತ್ತು. ರಸ್ತೆಬದಿಯ ಅಂಗಡಿಯಾತ ಡಬ್ಬದ ತಗಡಿನ ಚೂರೊಂದನ್ನು ಸಂದಿಗೆ ತುರುಕಿ ಬಿಗಿಮಾಡಿ, ಒಂದೆರಡು ದಿನಗಳಲ್ಲಿ ಹೊಸ ಪಿನ್ ಹಾಕಿಸಿಕೊಳ್ಳುವಂತೆ ಹೇಳಿ ಕಳುಹಿಸಿದ. ಮೂರು ವಾರ ಕಳೆದರೂ ಯಾರೂ ಹಾಕಿಸಲಿಲ್ಲ. ಒಂದು ಸಂಜೆ ಹೊರೆ ಸಮೇತ ಏರು ಹತ್ತುವಾಗ ತಗಡು ಜಾರಿ, ಪೆಡಲ್ ಮೇಲೆ ಎದ್ದು ನಿಂತಿದ್ದ ಹುಡುಗ ಬಿದ್ದು ಮಣಿಕಟ್ಟು ಮುರಿದುಕೊಂಡ. ಒಂದೂವರೆ ತಿಂಗಳು ಆತ ಕೆಲಸಕ್ಕೆ ಬರಲಾಗಲಿಲ್ಲ. ಹೊಸ ಪಿನ್ನಿನ ಬೆಲೆ ಒಂದು ತಿಂಡಿಯ ಬೆಲೆಗಿಂತ ಕಡಿಮೆಯಿತ್ತು. ತಪ್ಪು ತಗಡು ಹಾಕಿದವನದಲ್ಲ. ಅದನ್ನು ಹಾಗೆಯೇ ಬಿಟ್ಟ ನಮ್ಮದು.

ಆದ್ದರಿಂದ ತಾತ್ಕಾಲಿಕ ಉಪಾಯಗಳನ್ನೆಲ್ಲ ಹಳಿಯುವುದು ಈ ಲೇಖನದ ಉದ್ದೇಶವಲ್ಲ. ಮನೆ ಮುಟ್ಟಿಸುವ ಉಪಾಯ ಯಾವುದು, ಕೈಕೊಡುವ ಉಪಾಯ ಯಾವುದು ಎಂಬ ವಿವೇಚನೆ ಮಾಲೀಕರಿಗಿರಬೇಕು ಎಂಬುದಷ್ಟೇ ಆಶಯ.

ಗಾಳಿ ಇಳಿಯುವ ಸಮಸ್ಯೆ

ಗಾಳಿ ಇಳಿದ ಮಾತ್ರಕ್ಕೆ ಪಂಕ್ಚರ್ ಎಂದು ತೀರ್ಮಾನಿಸಬಾರದು. ಹಳೆಯ ಮಾದರಿಯ ವಾಲ್ವ್‌ನಲ್ಲಿ ಹಿತ್ತಾಳೆಯ ಕಡ್ಡಿಯ ಮೇಲೆ ಸಣ್ಣ ರಬ್ಬರ್ ಕೊಳವೆಯೊಂದಿರುತ್ತದೆ. ಇದನ್ನೇ ನಾವು ವಾಲ್ ಟ್ಯೂಬ್ ಎನ್ನುತ್ತೇವೆ. ಇದು ಬಿಸಿಲಿಗೆ ಬಿರುಕು ಬಿಟ್ಟರೂ ಗಾಳಿ ನಿಲ್ಲುವುದಿಲ್ಲ. ಗಾಳಿ ತುಂಬಿ ವಾಲ್ವ್‌ನ ಬಾಯಿಗೆ ಒಂದು ಹನಿ ನೀರು ಹಾಕಿ ನೋಡಿದರೆ ಗುಳ್ಳೆ ಏಳುವುದರಿಂದ ದೋಷ ತಿಳಿಯುತ್ತದೆ. ಚಕ್ರ ಬಿಚ್ಚುವ ಅಗತ್ಯವೇ ಇರುವುದಿಲ್ಲ.

ಪಂಕ್ಚರ್ ಆಗಿದ್ದಲ್ಲಿ ತೂತು ಎಲ್ಲಿದೆ ಎಂಬುದೇ ಅದರ ಕಾರಣವನ್ನು ಹೇಳುತ್ತದೆ. ಟ್ಯೂಬಿನ ಹೊರಮೈಯಲ್ಲಿದ್ದರೆ ಮುಳ್ಳು ಅಥವಾ ಮೊಳೆ. ಒಳಮೈಯಲ್ಲಿದ್ದರೆ ರಿಮ್ಮಿನ ಪಟ್ಟಿ ಸರಿದು ಕಡ್ಡಿಯ ತುದಿ ಚುಚ್ಚಿರುತ್ತದೆ. ಅಕ್ಕಪಕ್ಕದಲ್ಲಿ ಎರಡು ತೂತುಗಳಿದ್ದರೆ ಗಾಳಿ ಸಾಲದೆ ಟ್ಯೂಬ್ ರಿಮ್ಮಿಗೆ ಸಿಕ್ಕಿ ಜಜ್ಜಿರುತ್ತದೆ. ಕಾರಣವನ್ನು ಸರಿಪಡಿಸದೆ ಪ್ಯಾಚ್ ಅಂಟಿಸಿದರೆ ಮರುದಿನವೇ ಮತ್ತೆ ಅಂಗಡಿಗೆ ಹೋಗಬೇಕಾಗುತ್ತದೆ.

ಹಳೆಯ ಟ್ಯೂಬಿನ ತುಂಡಿನಿಂದ ಮಾಡಿದ ಪ್ಯಾಚ್ ಕೀಳೇನಲ್ಲ. ಎರಡೂ ಮೈಗಳನ್ನು ಉಜ್ಜಿ, ಸೊಲ್ಯೂಷನ್ ತೆಳುವಾಗಿ ಸವರಿ, ಅದು ಒಣಗಿ ಹೊಳಪು ಕಳೆದುಕೊಳ್ಳುವವರೆಗೆ ಕಾಯಬೇಕು. ಹಸಿಯಿರುವಾಗಲೇ ಅಂಟಿಸಿದ ಪ್ಯಾಚ್ ಬೇಗನೆ ಏಳುತ್ತದೆ. ಹಾಗೆಯೇ ಟೈರ್ ಸೀಳಿದಾಗ ಒಳಗಿನಿಂದ ಹಳೆಯ ಟೈರಿನ ತುಂಡನ್ನಿಡುವ ಗೇಟರ್ ಪದ್ಧತಿ ಊರು ಸೇರಲು ಸಾಕು. ಆದರೆ ನಿತ್ಯ ಹೊರೆ ಸಾಗಿಸಲು ಅದನ್ನು ನೆಚ್ಚಬಾರದು.

ಚೈನಿನ ಲೆಕ್ಕಾಚಾರ

ಚೈನಿನ ಸವೆತವನ್ನು ಸಾಮಾನ್ಯ ಅಳತೆಪಟ್ಟಿಯಿಂದಲೇ ತಿಳಿಯಬಹುದು. ಸೈಕಲ್ ಚೈನಿನ ಎರಡು ಪಿನ್ನುಗಳ ಅಂತರ ಅರ್ಧ ಅಂಗುಲ. ಆದ್ದರಿಂದ ಹೊಸ ಚೈನಿನಲ್ಲಿ 24 ಕೊಂಡಿಗಳ ಉದ್ದ, ಪಿನ್ನಿನ ನಡುವಿನಿಂದ ಪಿನ್ನಿನ ನಡುವಿಗೆ, ಸರಿಯಾಗಿ 12 ಅಂಗುಲವಿರುತ್ತದೆ. ಇದು ಅಂಗುಲದ 16ನೇ ಒಂದು ಭಾಗದಷ್ಟು ಹೆಚ್ಚಿದ್ದರೆ ಚೈನು ಬದಲಿಸುವ ಕಾಲ ಬಂದಿದೆ ಎಂದರ್ಥ. 8ನೇ ಒಂದು ಭಾಗದಷ್ಟು ಹೆಚ್ಚಿದ್ದರೆ ಅದು ಫ್ರೀವೀಲ್‌ನ ಹಲ್ಲುಗಳನ್ನೂ ಸವೆಸಿರುವ ಸಂಭವವಿದ್ದು, ಆಗ ಎರಡನ್ನೂ ಬದಲಿಸಬೇಕಾಗಬಹುದು. ಒಂದು ವೆಚ್ಚವನ್ನು ಮುಂದೂಡಿದವರು ಎರಡು ವೆಚ್ಚ ಭರಿಸಬೇಕಾದೀತು.

ಚೈನಿಗೆ ಕೊಬ್ಬರಿ ಎಣ್ಣೆ ಹಾಕುವ ರೂಢಿ ಕೆಲವೆಡೆ ಇದೆ. ಅದು ಚಳಿಗೆ ಗಟ್ಟಿಯಾಗಿ ಧೂಳನ್ನು ಹಿಡಿದಿಡುತ್ತದೆ. ಸೀಮೆಎಣ್ಣೆ ಕೊಳೆ ತೆಗೆಯಲು ಉತ್ತಮವಾದರೂ ನಯವಾಗಿಡುವ ಗುಣ ಅದಕ್ಕಿಲ್ಲ. ತೊಳೆದು ಒಣಗಿಸಿದ ಮೇಲೆ ತೆಳುವಾದ ಯಂತ್ರದ ಎಣ್ಣೆಯನ್ನು ಹಾಕಿ, ಹೊರಗಿನ ಎಣ್ಣೆಯನ್ನು ಬಟ್ಟೆಯಿಂದ ಒರೆಸುವುದು ಸರಿಯಾದ ಕ್ರಮ.

ರಾಜಿ ಸಲ್ಲದ ಭಾಗಗಳು

ಕಾಟರ್ ಪಿನ್, ಪೆಡಲ್ ಮತ್ತು ಬ್ರೇಕ್ ಈ ಮೂರರಲ್ಲಿ ತಾತ್ಕಾಲಿಕ ಉಪಾಯ ಸಲ್ಲದು. ಹೊಸ ಕಾಟರ್ ಪಿನ್ನನ್ನು ಸುತ್ತಿಗೆಯಿಂದ ಬಡಿದು ಕೂರಿಸಬೇಕೇ ಹೊರತು ನಟ್ ತಿರುಗಿಸಿ ಎಳೆಯಬಾರದು. ಕೆಲವು ದಿನಗಳ ಬಳಕೆಯ ನಂತರ ಮತ್ತೊಮ್ಮೆ ಬಡಿದು ನಟ್ ಬಿಗಿಗೊಳಿಸಬೇಕು. ಎಡ ಪೆಡಲ್ಲಿನ ಮರೆ ವಿರುದ್ಧ ದಿಕ್ಕಿನದು. ಇದನ್ನರಿಯದೆ ಬಲವಂತವಾಗಿ ತಿರುಗಿಸಿ ಕ್ರ್ಯಾಂಕಿನ ಮರೆಯನ್ನೇ ಹಾಳುಮಾಡಿದ ಉದಾಹರಣೆಗಳು ಬೇಕಾದಷ್ಟಿವೆ. ಮರೆಗೆ ದಾರ ಸುತ್ತಿ ಪೆಡಲ್ ನಿಲ್ಲಿಸುವುದು ಅಪಾಯಕ್ಕೆ ಆಹ್ವಾನ.

ಬ್ರೇಕಿನ ರಬ್ಬರ್ ಸವೆದಾಗ ಹವಾಯಿ ಚಪ್ಪಲಿಯ ತುಂಡನ್ನು ಕತ್ತರಿಸಿ ಸೇರಿಸುವುದುಂಟು. ಮೆತ್ತನೆಯ ಆ ರಬ್ಬರ್ ಬಹುಬೇಗ ಸವೆದು, ಲೋಹ ರಿಮ್ಮಿಗೆ ಉಜ್ಜತೊಡಗುತ್ತದೆ. ಉಕ್ಕಿನ ರಿಮ್ ಒದ್ದೆಯಾದಾಗ ಒಳ್ಳೆಯ ರಬ್ಬರ್ ಇದ್ದರೂ ಬ್ರೇಕಿನ ಹಿಡಿತ ಬಹಳ ಕುಗ್ಗುತ್ತದೆ ಎಂಬುದನ್ನು ನೆನೆದರೆ, ಮಳೆಗಾಲಕ್ಕೆ ಮುನ್ನ ಬ್ರೇಕ್ ಪರಿಶೀಲನೆ ಎಷ್ಟು ಅಗತ್ಯವೆಂಬುದು ಮನದಟ್ಟಾದೀತು.

ವ್ಯಾಪಾರಿಗಳು ಗಮನಿಸಬೇಕಾದ ಅಂಶ

ಬಿಡಿಭಾಗಗಳ ವ್ಯಾಪಾರದಲ್ಲಿ ಹೆಚ್ಚಿನ ಗೊಂದಲ ಟೈರಿನ ಅಳತೆಯದು. 28 ಅಂಗುಲ ಎಂದು ಕರೆಯುವ ಟೈರುಗಳಲ್ಲಿಯೇ 635 ಮಿ.ಮೀ. ಹಾಗೂ 622 ಮಿ.ಮೀ. ಎಂಬ ಎರಡು ಬೇರೆ ವ್ಯಾಸಗಳಿವೆ. 26 ಅಂಗುಲದಲ್ಲಿ 590 ಮತ್ತು 559 ಇವೆ. ಒಂದರ ಟೈರ್ ಇನ್ನೊಂದರ ರಿಮ್ಮಿಗೆ ಕೂರುವುದಿಲ್ಲ. ಐಎಸ್‌ಒ 5775 ಮಾನಕದಂತೆ ಟೈರಿನ ಪಕ್ಕದಲ್ಲಿ 40-635 ಎಂಬ ರೀತಿಯಲ್ಲಿ ಅಗಲ ಮತ್ತು ವ್ಯಾಸವನ್ನು ಮುದ್ರಿಸಿರುತ್ತಾರೆ. ಆ ಸಂಖ್ಯೆಯನ್ನೇ ಆಧರಿಸಿ ದಾಸ್ತಾನು ಇಟ್ಟರೆ ಹಿಂತಿರುಗಿ ಬರುವ ಮಾಲು ಕಡಿಮೆಯಾಗುತ್ತದೆ.

ಅಳತೆಗಳ ಏಕರೂಪತೆಯೇ ಈ ಉದ್ದಿಮೆಯ ಬಲ. 1951ರಲ್ಲಿ ಸೋನಿಪತ್‌ನಲ್ಲಿ ಆರಂಭವಾದ ಅಟ್ಲಾಸ್ ಸಂಸ್ಥೆ 2020ರ ಜೂನ್‌ನಲ್ಲಿ ಸಾಹಿಬಾಬಾದ್ ಕಾರ್ಖಾನೆಯ ಉತ್ಪಾದನೆಯನ್ನು ನಿಲ್ಲಿಸಿತು. ಆದರೂ ಅದರ ಹಳೆಯ ಸೈಕಲ್ಲುಗಳಿಗೆ ಲುಧಿಯಾನದಲ್ಲಿ ತಯಾರಾದ ಪಿನ್, ಚೈನು, ಗುಂಡುಗಳು ಹೊಂದುತ್ತವೆ. ಅಳತೆಯಲ್ಲಿ ಖಚಿತತೆ ಕಾಯ್ದುಕೊಳ್ಳುವ ನಮ್ಮ ಸಣ್ಣ ಉದ್ದಿಮೆದಾರರಿಗೂ ಇಲ್ಲಿ ಅವಕಾಶವಿದೆ. ಸೈಕಲ್ ಹಾಗೂ ಅದರ ಬಿಡಿಭಾಗಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿದಿರುವುದನ್ನೂ ಬಿಲ್ ಪರಿಶೀಲಿಸುವಾಗ ಗಮನದಲ್ಲಿಡಬೇಕು.

ಕೊನೆಯದಾಗಿ ಒಂದು ಸಲಹೆ. ಸೈಕಲ್ ಬಳಸುವ ಪ್ರತಿಯೊಂದು ಅಂಗಡಿ ಮತ್ತು ಘಟಕದಲ್ಲಿ ಒಂದು ಪಂಪು, ಎರಡು ಸ್ಪ್ಯಾನರು, ಪ್ಯಾಚ್ ಮತ್ತು ಸೊಲ್ಯೂಷನ್, ವಾಲ್ ಟ್ಯೂಬ್, ಒಂದು ಜೊತೆ ಬ್ರೇಕ್ ರಬ್ಬರ್, ಎರಡು ಕಾಟರ್ ಪಿನ್ ಇರುವ ಪುಟ್ಟ ಪೆಟ್ಟಿಗೆಯನ್ನಿಡುವುದು ಒಳಿತು. ಅದರ ಜೊತೆಗೊಂದು ಪುಸ್ತಕವೂ ಇರಲಿ. ತಾತ್ಕಾಲಿಕ ದುರಸ್ತಿ ಮಾಡಿಸಿದ ದಿನವನ್ನೂ ಅದನ್ನು ಕಾಯಂ ಆಗಿ ಸರಿಪಡಿಸಬೇಕಾದ ದಿನವನ್ನೂ ಅದರಲ್ಲಿ ಬರೆದಿಡಬೇಕು. ನಮ್ಮ ಘಟಕದಲ್ಲಿ ಆ ಅಪಘಾತದ ಮರುವಾರದಿಂದಲೇ ಇಂತಹ ಪುಸ್ತಕವಿದೆ. ಅದು ಒಂದು ತಿಂಗಳು ಮುಂಚೆ ಇದ್ದಿದ್ದರೆ ಒಬ್ಬ ಹುಡುಗನ ಕೈ ಉಳಿಯುತ್ತಿತ್ತು.