ಹೊಟ್ಟೆಯಲ್ಲಿ ಹೊತ್ತು ತಂದ ಕಾಡು

ಘಾನಾ ದೇಶದ ರಾಜಧಾನಿ ಅಕ್ರಾದಲ್ಲಿ, ಊರ ನಡುವಿನ ಮರಗಳಲ್ಲಿ ಹಣ್ಣುಬಾವಲಿಗಳ ದೊಡ್ಡ ಬಿಡಾರವಿದೆ. ವಿಜ್ಞಾನಿಗಳು ಕೆಲವು ಬಾವಲಿಗಳಿಗೆ ಜಿಪಿಎಸ್ ಕಟ್ಟಿ ಹಾರಾಟ ಅಳೆದರು. ತಿಂದ ಬೀಜ ಹೊಟ್ಟೆಯಲ್ಲಿ ಎಷ್ಟು ಹೊತ್ತು ಉಳಿಯುತ್ತದೆಂದು ನೋಡಿದರು. ಎರಡನ್ನೂ ಸೇರಿಸಿ ಲೆಕ್ಕ ಹಾಕಿದರು. 1,52,000 ಬಾವಲಿಗಳ ಆ ಬಿಡಾರ ಒಂದೇ ರಾತ್ರಿಯಲ್ಲಿ 3 ಲಕ್ಷಕ್ಕೂ ಹೆಚ್ಚು ಸಣ್ಣ ಬೀಜಗಳನ್ನು ಬಿತ್ತಬಲ್ಲದು. 800 ಹೆಕ್ಟೇರ್, ಅಂದರೆ ಸುಮಾರು 2,000 ಎಕರೆ ಬಯಲಿನಲ್ಲಿ ಕಾಡು ಚಿಗುರಿಸುವ ಶಕ್ತಿ ಆ ಒಂದು ಬಿಡಾರಕ್ಕಿದೆ. ಕೆಲವು ಬೀಜಗಳು ತಾಯಿಮರದಿಂದ 75 ಕಿ.ಮೀ. ದೂರದವರೆಗೂ ಹೋಗಬಹುದು. ಬೆಂಗಳೂರಿನಲ್ಲಿ ತಿಂದ ಹಣ್ಣಿನ ಬೀಜ ತುಮಕೂರು ದಾಟಿ ಬಿದ್ದಂತೆ!

ಬಾವಲಿ ಇಷ್ಟಪಟ್ಟು ತಿನ್ನುವ ಹಣ್ಣುಗಳಲ್ಲಿ ಆಲ, ಅತ್ತಿ, ಬಸರಿ, ಗೋಣಿಗಳ ಕುಲದವೂ ಸೇರಿವೆ. ಜಗತ್ತಿನಲ್ಲಿ ಈ ಕುಲದ 750ಕ್ಕೂ ಹೆಚ್ಚು ಜಾತಿಗಳಿವೆ. ಇವುಗಳ ಹಣ್ಣು ತಿನ್ನುವ ಹಕ್ಕಿ ಮತ್ತು ಸಸ್ತನಿಗಳನ್ನು ಪಟ್ಟಿ ಮಾಡಿದಾಗ ಸಿಕ್ಕಿದ್ದು 1,200ಕ್ಕೂ ಹೆಚ್ಚು ಜಾತಿ. ಬೇರೆ ಮರಗಳಿಗೆ ಹಣ್ಣಿನ ಕಾಲ ಎಂದೊಂದಿರುತ್ತದೆ. ಇವುಗಳಲ್ಲಿ ಹಲವು ಹಾಗಲ್ಲ. ಒಂದು ಮರ ಈ ತಿಂಗಳು ಹಣ್ಣಾದರೆ ಇನ್ನೊಂದು ಮುಂದಿನ ತಿಂಗಳು. ಕಾಡಿನಲ್ಲಿ ಉಳಿದೆಲ್ಲ ಹಣ್ಣು ಮುಗಿದಾಗಲೂ ಎಲ್ಲೋ ಒಂದು ಗೋಣಿಮರದಲ್ಲಿ ಪಿಕಳಾರ, ಕುಟುರ, ಅಳಿಲು, ಕೋತಿಗಳ ಗದ್ದಲ ನಡೆದೇ ಇರುತ್ತದೆ.

ಆಲದ ಬೀಜ ಸಾಸಿವೆಗಿಂತಲೂ ಚಿಕ್ಕದು. ಬೆಂಗಳೂರಿನ ಹೊರವಲಯದ ಕೇತೋಹಳ್ಳಿಯ ದೊಡ್ಡ ಆಲದ ಮರ ಸುಮಾರು 3 ಎಕರೆ ಹಬ್ಬಿದೆ. ಒಂದೊಂದು ಹಣ್ಣಿನಲ್ಲಿ ನೂರಾರು ಬೀಜ, ಒಂದೊಂದು ಫಸಲಿನಲ್ಲಿ ಸಾವಿರಾರು ಹಣ್ಣು, ಹೀಗೆ ನೂರಾರು ವರ್ಷ. ಅಷ್ಟೂ ಬೀಜಗಳಲ್ಲಿ ಒಂದೇ ಒಂದು ದೊಡ್ಡ ಮರವಾದರೂ ತಾಯಿಯ ಜಾಗ ತುಂಬಿತು. ಆ ಒಂದಕ್ಕಾಗಿ ಮರ ಸಾವಿರಾರು ಹೊಟ್ಟೆ ತುಂಬಿಸುತ್ತದೆ. ನನಗೆ ಇದಕ್ಕಿಂತ ದೊಡ್ಡ ದಾಸೋಹ ಕಾಣುವುದಿಲ್ಲ.

ಈ ಏರ್ಪಾಡಿನ ಬಲ ಎಷ್ಟೆಂದು ತೋರಿಸಿದ್ದು ಇಂಡೋನೇಷ್ಯಾದ ಕ್ರಕಟೋವಾ. 1883ರ ಆಗಸ್ಟ್‌ನಲ್ಲಿ ಆ ಜ್ವಾಲಾಮುಖಿ ಸ್ಫೋಟಿಸಿದಾಗ 36,000ಕ್ಕೂ ಹೆಚ್ಚು ಜನ ಸತ್ತರು. ಅಳಿದುಳಿದ ದ್ವೀಪ ಬಿಸಿ ಬೂದಿಯಡಿ ಹೂತುಹೋಯಿತು. 1884ರ ಮೇ ತಿಂಗಳಲ್ಲಿ ಅಲ್ಲಿಗೆ ಹೋದವರ ಕಣ್ಣಿಗೆ ಬಿದ್ದ ಜೀವ ಒಂದೇ ಒಂದು ಪುಟ್ಟ ಜೇಡ. ಜಾವಾ, ಸುಮಾತ್ರಾ ತೀರಗಳು ಸುಮಾರು 40 ಕಿ.ಮೀ. ದೂರ. ಆದರೂ ಕಾಲಕ್ರಮೇಣ ಅತ್ತಿ ಕುಲದ 20ಕ್ಕೂ ಹೆಚ್ಚು ಜಾತಿಗಳು ಅಲ್ಲಿ ಬೇರೂರಿದ್ದವು. ಬೀಜ ತಂದದ್ದು ಹಕ್ಕಿ, ಬಾವಲಿಗಳು. ಮರ ಬಂದರೆ ಸಾಲದು. ಪರಾಗಸ್ಪರ್ಶಕ್ಕೆ ಪ್ರತಿ ಜಾತಿಗೂ ಅದರದೇ ಕಣಜದ ಹುಳು ಬೇಕು, ಇಲ್ಲವಾದರೆ ಹಣ್ಣಿನಲ್ಲಿ ಬೀಜ ಕಟ್ಟದು. ಒಂದೆರಡು ಮಿಲಿಮೀಟರ್ ಉದ್ದದ, ಒಂದೆರಡು ದಿನ ಮಾತ್ರ ಬದುಕುವ ಆ ಕಣಜಗಳೂ ಸಮುದ್ರ ದಾಟಿ ಬಂದವು. ನಮೀಬಿಯಾದಲ್ಲಿ ಇಂಥ ಕಣಜಗಳು ಗಾಳಿಯ ನೆರವಿನಿಂದ 160 ಕಿ.ಮೀ. ಆಚೆಯ ಮರ ತಲುಪಿದ್ದು ವಂಶವಾಹಿ ಪರೀಕ್ಷೆಯಿಂದ ಗೊತ್ತಾಗಿದೆ.

ಸಣ್ಣ ಬೀಜಕ್ಕೆ ಹೀಗೆ ಸಾವಿರ ದಾರಿ. ದೊಡ್ಡ ಬೀಜದ ಪಾಡು ಬೇರೆ. ಉತ್ತರ ಕನ್ನಡದ ರಾಮಪತ್ರೆ, ಧೂಪದಂಥ ಮರಗಳ ಬೀಜವನ್ನು ಇಡಿಯಾಗಿ ನುಂಗಲು ಪಿಕಳಾರದ ಬಾಯಿ ಸಾಲದು. ಅದು ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಯ ಕೆಲಸ. ಮೇಲಿನ ತಿರುಳನ್ನು ಅರಗಿಸಿಕೊಂಡು ಬೀಜವನ್ನು ಹಾಗೆಯೇ ಹೊರಕ್ಕೆ ಉಗುಳುತ್ತದೆ. ದಾಸಮಂಗಟ್ಟೆಯ ಹೆಣ್ಣು ಪೊಟರೆಯೊಳಗೆ ತನ್ನನ್ನು ಮುಚ್ಚಿಕೊಂಡು ಮೂರು-ನಾಲ್ಕು ತಿಂಗಳು ಕೂರುವಾಗ ಗಂಡು ಹಣ್ಣು ತಂದು ತಂದು ಉಣಿಸುತ್ತದೆ. ಗೂಡಿನ ಬುಡದಲ್ಲಿ ರಾಶಿ ಬೀಳುವ ಬೀಜಗಳಿಗೆ ಉಳಿಗಾಲ ಕಡಿಮೆ; ಕಾಡಿನಲ್ಲಿ ಅಲ್ಲಲ್ಲಿ ಚೆದುರಿ ಬಿದ್ದವಕ್ಕೇ ಬದುಕುವ ಅವಕಾಶ ಹೆಚ್ಚು. ಅರುಣಾಚಲ ಪ್ರದೇಶದ ನಾಮ್‌ದಾಫಾ ಕಾಡಿನಲ್ಲಿ ಮಂಗಟ್ಟೆಗಳು ಹೇರಳವಾಗಿರುವ ಕಡೆ ಅವು ಹೀಗೆ ಬಿತ್ತುವ ಬೀಜ ಒಂದು ಚದರ ಕಿ.ಮೀ.ಗೆ ದಿನಕ್ಕೆ ಅಂದಾಜು 11,000. ಅದೇ ಸೀಮೆಯಲ್ಲಿ ಬೇಟೆ ಮತ್ತು ಮರಕಡಿತದಿಂದ ಮಂಗಟ್ಟೆ ವಿರಳವಾದ ಕಾಡಿನಲ್ಲಿ, ದೊಡ್ಡ ಬೀಜಗಳು ಬೀಳುವುದೂ ಕಡಿಮೆಯಾಗಿತ್ತು, ಅವುಗಳ ಸಸಿಗಳೂ ಕಡಿಮೆಯಾಗಿದ್ದವು.