ಬೂದು ನೀಲಿ ಬಣ್ಣ: ಶೇಡ್ ಕಾರ್ಡ್‌ಗಿಂತ ಮೊದಲು ಕಿಟಕಿ ನೋಡಿ

ಇವತ್ತಿನ ವಿಷಯ ಗೋಡೆಗೆ ಬಳಿಯೋ ಬೂದು ನೀಲಿ ಬಣ್ಣ. ಥಾಣೆಯ ಎತ್ತರದ ಟವರ್‌ನಲ್ಲಿ ಚೆಂದ ಕಂಡ ಶೇಡ್, ಡೊಂಬಿವಲಿಯ ಹಳೇ ಬಿಲ್ಡಿಂಗ್‌ನ ಮೊದಲನೇ ಮಹಡಿಯಲ್ಲಿ ಯಾಕೆ ಮಂಕಾಗಿ ಕಾಣುತ್ತೆ? ಪೇಂಟ್‌ದೇನೂ ತಪ್ಪಿಲ್ಲ. ಬದಲಾಗಿದ್ದು ಬೆಳಕು.

ಬಿಳಿ ಬೇಸ್‌ಗೆ ಸ್ವಲ್ಪ ನೀಲಿ, ಸ್ವಲ್ಪ ಕಪ್ಪು ಸೇರಿದರೆ ಈ ಬಣ್ಣ. ಕಡು ಕೆಂಪು ಯಾವ ಬೆಳಕಲ್ಲೂ ಹೆಚ್ಚುಕಮ್ಮಿ ಕೆಂಪೇ. ಇದರಲ್ಲಿ ನೀಲಿ ಇರೋದೇ ಕಡಿಮೆ, ಹಾಗಾಗಿ ಬೆಳಕು ಸ್ವಲ್ಪ ಬದಲಾದ್ರೂ ಬಣ್ಣ ಬೇರೆಯಾಗುತ್ತೆ. ಊರಲ್ಲಿ ಸುಣ್ಣಕ್ಕೆ ಚಿಟಿಕೆ ನೀಲಿ ಹಾಕ್ತಿದ್ದದ್ದು ನೆನಪಿದೆಯಲ್ಲ? ಸುಣ್ಣದ ಹಳದಿ ಛಾಯೆ ಅಡಗಿ ಗೋಡೆ ಬೆಳ್ಳಗೆ ಕಾಣಲಿ ಅಂತ. ಇಲ್ಲಿ ಅದೇ ಲೆಕ್ಕ ಉಲ್ಟಾ: ಹಳದಿ ಬೆಳಕು ಬಿದ್ದರೆ ಗೋಡೆಯ ನೀಲಿ ಅಡಗುತ್ತೆ, ಬೂದಿ ಮಾತ್ರ ಉಳಿಯುತ್ತೆ.

ಉತ್ತರದ ಕಿಟಕಿಗೆ ಹೆಚ್ಚಾಗಿ ಬರೋದು ಆಕಾಶದ ಬೆಳಕು, ಅಲ್ಲಿ ನೀಲಿ ಎದ್ದು ಕಾಣುತ್ತೆ. ಪಶ್ಚಿಮದಲ್ಲಿ ಸಂಜೆ ಬಿಸಿಲು ಕೇಸರಿ, ನೀಲಿ ತಗ್ಗುತ್ತೆ. ಕೈ ಚಾಚಿದರೆ ಎದುರು ಬಿಲ್ಡಿಂಗ್ ಸಿಗೋ ಕಡೆ, ಆ ಗೋಡೆಯ ಬಣ್ಣವೇ ನಿಮ್ಮ ಹಾಲ್‌ಗೆ ಬರುತ್ತೆ. ರಾತ್ರಿ ಬಲ್ಬಿನ ಸರದಿ: 3000 ಕೆಲ್ವಿನ್ ಹಳದಿ ಎಲ್‌ಇಡಿಯಲ್ಲಿ ಬೂದು, 6500 ಕೆಲ್ವಿನ್ ಬಿಳಿ ಟ್ಯೂಬ್‌ನಲ್ಲಿ ತಣ್ಣನೆ ನೀಲಿ.

ಇನ್ನೊಂದು ಅಂಕಿ ಕೇಳಿ ತಿಳ್ಕೊಳ್ಳಿ: ಎಲ್‌ಆರ್‌ವಿ. ಬಿದ್ದ ಬೆಳಕಲ್ಲಿ ಗೋಡೆ ಎಷ್ಟು ಶೇಕಡಾ ವಾಪಸ್ ಕೊಡುತ್ತೆ ಅನ್ನೋದರ ಅಳತೆ. ಕಿಟಕಿ ಬೆಳಕು ರೂಮಿನ ಒಳಮೂಲೆಗೆ ಬರೋದು ಗೋಡೆಯಿಂದ ಗೋಡೆಗೆ ಪುಟಿದು. ಎಲ್‌ಆರ್‌ವಿ 60 ಇದ್ದರೆ ಎರಡು ಸಲ ಪುಟಿದ ಮೇಲೆ 36 ಶೇಕಡಾ ಉಳಿಯುತ್ತೆ. 35 ಇದ್ದರೆ ಉಳಿಯೋದು ಬರೀ 12. ಮೂರು ಪಟ್ಟು ವ್ಯತ್ಯಾಸ! ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದಿರೋ ನಮ್ಮ ಕಡೆ ಇದು ಸಣ್ಣ ವಿಷಯ ಅಲ್ಲ. ನಾವು ಬೆಳಗ್ಗೆ ಲೋಕಲ್ ಹಿಡಿದು ಹೋಗಿಬಿಡ್ತೀವಿ. ಹಗಲಿಡೀ ಆ ಗೋಡೆ ನೋಡ್ತಾ ಕೂರೋದು ಮನೆಯಲ್ಲಿರೋ ಅಮ್ಮ, ಅಜ್ಜಿ. ಲೈಟ್ ಹಾಕದೆ ಅವರಿಗೆ ಪೇಪರ್ ಓದೋಕಾಗಬೇಕು. ಅದಕ್ಕೇ ಕತ್ತಲೆ ಫ್ಲ್ಯಾಟ್‌ಗೆ 60ರ ಆಸುಪಾಸು ಆರಿಸಿ, ಸೀಲಿಂಗ್ ಬಿಳಿ ಇರಲಿ. ಗಾಢ ಶೇಡ್ ಬೇಕೇ ಬೇಕು ಅಂದ್ರೆ ಕಿಟಕಿಯಿಂದ ಬೆಳಕು ನೇರ ಬೀಳೋ ಒಂದೇ ಗೋಡೆಗೆ ಸಾಕು.

ಲೀಕೇಜ್ ಇರೋ ಗೋಡೆಗೆ ಮಾತ್ರ ಅವಸರ ಬೇಡ. ನೀರು ಒಣಗುವಾಗ ಉಪ್ಪು ಬಿಳಿಯಾಗಿ ಮೇಲೆ ಬರುತ್ತೆ, ಬಿಳಿ ಗೋಡೆಗಿಂತ ಬೂದು ನೀಲಿ ಮೇಲೆ ಅದು ಎದ್ದು ಕಾಣುತ್ತೆ. ಮೊದಲು ಲೀಕೇಜ್ ನಿಲ್ಲಿಸಿ, ಗೋಡೆ ಪೂರ್ತಿ ಒಣಗಲಿ, ಆಮೇಲೆ ಪೇಂಟ್.

ಕೊನೆಗೆ ಒಂದು ಪರೀಕ್ಷೆ. ಸಣ್ಣ ಡಬ್ಬಿ ತಂದು, ಎರಡಡಿ ಚೌಕದ ಬಿಳಿ ಬೋರ್ಡಿಗೆ ಎರಡು ಕೋಟ್ ಹಾಕಿ ಒಣಗಿಸಿ. ಅದನ್ನ ಒಂದು ದಿನ ಕಿಟಕಿ ಪಕ್ಕ, ಇನ್ನೊಂದು ದಿನ ಒಳಮೂಲೆಯಲ್ಲಿಟ್ಟು ಬೆಳಗ್ಗೆ, ಮಧ್ಯಾಹ್ನ, ರಾತ್ರಿ ನೋಡಿ. ಒಳಮೂಲೆಯಲ್ಲೂ ಹಿಡಿಸಿತಾ? ಧೈರ್ಯವಾಗಿ ಬಳಿಸಿ. ಮತ್ತೆ ಸಿಗೋಣ.