ಮೇಡಂ ಕತೆ ಓದಿದರೆ ಅದು ಪಾಠವಲ್ಲವೇ?

ಒಂದನೇ ತರಗತಿಯಲ್ಲಿ ಶಿಕ್ಷಕಿಯೊಬ್ಬರು ಕತೆ ಪುಸ್ತಕ ಹಿಡಿದು ಜೋರಾಗಿ ಓದುತ್ತಿದ್ದರೆ ನೋಡಿದವರಿಗೆ ಏನನ್ನಿಸುತ್ತದೆ? ಪಾಠ ಮುಗಿದಿರಬೇಕು, ಇಲ್ಲವೇ ಹೊತ್ತು ಕಳೆಯುತ್ತಿರಬೇಕು! ಬೇಸರದ ಸಂಗತಿಯೆಂದರೆ, ಕೆಲವು ಶಿಕ್ಷಕರೂ ಹಾಗೆಯೇ ಭಾವಿಸುತ್ತಾರೆ.

ನನ್ನ ಚಿಕ್ಕಮ್ಮ ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ತರಗತಿ ನೋಡಿಕೊಳ್ಳುತ್ತಾರೆ. ಬಿಸಿಯೂಟದ ನಂತರ ಹತ್ತು ನಿಮಿಷ ಮಕ್ಕಳಿಗೆ ಕತೆ ಓದುವುದು ಅವರ ರೂಢಿ. ‘ಓದಬೇಕಾದವರು ಮಕ್ಕಳು. ನೀವೇ ಓದಿಬಿಟ್ಟರೆ ಅವರು ಕಲಿಯೋದು ಯಾವಾಗ ಮೇಡಂ?’ ಎಂದು ಸಹೋದ್ಯೋಗಿಯೊಬ್ಬರು ಕೇಳಿದರಂತೆ. ‘ಮಾತು ಬರೋಕ್ಕೆ ಮೊದಲು ಮಗು ಎಷ್ಟು ತಿಂಗಳು ಬರೀ ಕೇಳಿಸಿಕೊಂಡಿರುತ್ತೆ ಸರ್? ಓದೂ ಹಾಗೇ’ ಎಂದರಂತೆ ಚಿಕ್ಕಮ್ಮ.

ನನಗೂ ಇದು ಸರಿ ಎನಿಸುತ್ತದೆ. ನಮ್ಮ ಲ್ಯಾಬ್‌ನಲ್ಲಿ ಸರ್ಕ್ಯೂಟ್ ಜೋಡಿಸುವ ಮೊದಲು ಸರ್ ಒಮ್ಮೆ ಮಾಡಿ ತೋರಿಸುತ್ತಾರೆ. ಅದನ್ನು ಯಾರೂ ಟೈಂಪಾಸ್ ಎನ್ನುವುದಿಲ್ಲ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಏರಿಸಬೇಕು, ಮುಂದೇನಾಗಬಹುದು ಎಂದು ಹೇಗೆ ಊಹಿಸಬೇಕು ಎಂಬುದನ್ನು ಆರು ವರ್ಷದ ಮಗುವಿಗೂ ಯಾರಾದರೂ ಮಾಡಿ ತೋರಿಸಬೇಕಲ್ಲವೇ?

ನಮ್ಮ ರಾಜ್ಯದಲ್ಲಂತೂ ಇದು ಇನ್ನೂ ಅಗತ್ಯ. ಧಾರವಾಡದ ಮಗು ಮನೆಯಲ್ಲಿ ‘ಹೊಂಟಾನ’ ಎನ್ನುತ್ತದೆ, ಪುಸ್ತಕದಲ್ಲಿ ‘ಹೊರಟಿದ್ದಾನೆ’ ಎಂದಿರುತ್ತದೆ. ತಾಂಡಾದ ಮಗುವಿನ ಮನೆಮಾತು ಲಂಬಾಣಿ, ಮಂಗಳೂರು ಕಡೆಯ ಎಷ್ಟೋ ಮಕ್ಕಳದ್ದು ತುಳು ಅಥವಾ ಬ್ಯಾರಿ. ಪುಸ್ತಕದ ಕನ್ನಡ ಕಿವಿಗೇ ಬೀಳದಿದ್ದರೆ, ಮಗು ಅಕ್ಷರ ಕೂಡಿಸಿ ಓದೀತು, ಅರ್ಥ ಮಾತ್ರ ದಕ್ಕದು. ಮನೆಯಲ್ಲಿ ಓದಿ ಹೇಳುವವರಿದ್ದರೆ ಸರಿ. ಅಪ್ಪ-ಅಮ್ಮ ಕೂಲಿಗೆ ಹೋಗುವ, ಪಠ್ಯಪುಸ್ತಕ ಬಿಟ್ಟರೆ ಬೇರೆ ಪುಸ್ತಕವಿಲ್ಲದ ಮನೆಯ ಮಗುವಿಗೆ ಶಾಲೆಯ ಆ ಹತ್ತು ನಿಮಿಷವೇ ಆಧಾರ.

ಇದೇನೂ ಹೊಸ ಮಾತಲ್ಲ. ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳುವುದು ಅವರ ಓದಿನ ಯಶಸ್ಸಿಗೆ ಬಹುಮುಖ್ಯ, ಮೇಲಿನ ತರಗತಿಗಳಲ್ಲೂ ಅದನ್ನು ಮುಂದುವರಿಸಬೇಕು ಎಂದು ಅಮೆರಿಕದ ಓದು ಕುರಿತ ಆಯೋಗವೊಂದು 1985ರಲ್ಲೇ ಹೇಳಿತ್ತು. ನಮ್ಮಲ್ಲಿ 2021ರಲ್ಲಿ ಆರಂಭವಾದ ‘ನಿಪುಣ್ ಭಾರತ್’ ಕೂಡ ಮೂರನೇ ತರಗತಿ ಮುಗಿಸುವಷ್ಟರಲ್ಲಿ ಮಗು ಅರ್ಥ ಮಾಡಿಕೊಂಡು ಓದಬೇಕು ಎನ್ನುತ್ತದೆ.

ಹಾಗೆಂದು ಎಲ್ಲ ತಪ್ಪನ್ನೂ ಶಿಕ್ಷಕರ ಮೇಲೆ ಹೊರಿಸುವುದೂ ನ್ಯಾಯವಲ್ಲ. ಒಬ್ಬರೇ ಎರಡು-ಮೂರು ತರಗತಿ ಸಂಭಾಳಿಸಬೇಕು. ಜೊತೆಗೆ ಗಣತಿ, ಚುನಾವಣೆ ಕೆಲಸ, ಮುಗಿಯದ ದಾಖಲೆಗಳು. ‘ಸಿಲಬಸ್ ಎಲ್ಲಿಗೆ ಬಂತು?’ ಎಂದು ಕೇಳುವವರೇ ಹೆಚ್ಚು, ‘ಇವತ್ತು ಯಾವ ಕತೆ ಓದಿದಿರಿ?’ ಎಂದು ಕೇಳುವವರು ಅಪರೂಪ. ಕೇಳುವ ಪ್ರಶ್ನೆ ಬದಲಾದರೆ ಶಿಕ್ಷಕರ ಮನೋಭಾವವೂ ಬದಲಾದೀತು.

ಟಿಇಟಿಗೆ ತಯಾರಾಗುತ್ತಿರುವ ಗೆಳೆಯರೇ, ನಾಳೆ ಆ ತರಗತಿಗೆ ಹೋಗುವವರು ನೀವು. ಪುಸ್ತಕಗಳಿಲ್ಲ ಎಂಬ ಚಿಂತೆ ಬೇಡ. ಪ್ರಥಮ್ ಬುಕ್ಸ್‌ನ ‘ಸ್ಟೋರಿವೀವರ್’ ಜಾಲತಾಣದಲ್ಲಿ ಕನ್ನಡ ಕತೆಗಳು ಉಚಿತವಾಗಿ ಸಿಗುತ್ತವೆ. ನಿಮ್ಮ ವೇಳಾಪಟ್ಟಿಯಲ್ಲಿ ದಿನಕ್ಕೆ ಹತ್ತು ನಿಮಿಷ ಕತೆಗೆಂದೇ ಮೀಸಲಿಡಿ. ಯಾರಾದರೂ ಬಾಗಿಲಲ್ಲಿ ನಿಂತು ‘ಪಾಠ ಇಲ್ವಾ?’ ಎಂದರೆ, ‘ಇದೇ ಪಾಠ’ ಎಂದು ಧೈರ್ಯವಾಗಿ ಹೇಳಿ.